ಅನ್ನ, ಆಶ್ರಯ ಮತ್ತು ಅಪರಾಧ: ಕಾಡಂಚಿನ ಸಮುದಾಯಗಳ ಮೇಲೆ ಭಯೋತ್ಪಾದನೆಯ ಭೀತಿ

1. ಪ್ರವೇಶ

ಅಳ್ನಾವರದಲ್ಲಿ ಕವಲೊಡೆದು ಕಾಡಿನ ನಡುವೆ ಸಾಗುವ ರೈಲು ಹಳಿಯು ದಾಂಡೇಲಿಗೆ ಅಂಟಿಕೊಂಡಿರುವ ಅಂಬೇವಾಡಿಯಲ್ಲಿ ಕೊನೆಗೊಳ್ಳುತ್ತದೆ. ಘಟ್ಟದ ಮೇಲಿನ ಕಾಡುಗಳ ಮರವನ್ನು ಹೊರನಾಡಿಗೆ ಸಾಗಿಸುವುದು ಈ ಹಳಿಯ ಮುಖ್ಯ ಪ್ರಯೋಜನವಾಗಿತ್ತು. ಅಂಬೇವಾಡಿಯಿಂದ ಪೂರ್ವಕ್ಕೆ ಹಳಿಯಾಳ, ಉತ್ತರಕ್ಕೆ ಖಾನಾಪುರ ಸೀಮೆಯ ನಂದಗಡ, ಪಶ್ಚಿಮಕ್ಕೆ ಹಿಂದೆ ಸೂಪಾ ಎಂದು ಕರೆಯಲಾಗುತ್ತಿದ್ದ ಜೋಯಿಡಾ ತಾಲ್ಲೂಕು, ಅದರಾಚೆ ಗೋವೆಯ ಗಡಿ. ಸಿದ್ದಿ, ಗೌಳಿ, ಕುಣಬಿ, ಮರಾಠ ಮೊದಲಾದ ಸಮುದಾಯಗಳು ಈ ಕಾಡಂಚಿನಲ್ಲಿ ಬಾಳುತ್ತ ಬಂದಿವೆ.

ಆಳುವವರ ಕಣ್ಣಿಗೆ ಇಂತಹ ಸೀಮೆಗಳು ಎರಡು ರೀತಿಯಲ್ಲಿ ಕಂಡಿವೆ. ಮೊದಲನೆಯದಾಗಿ ಅವು ಆದಾಯದ ಮೂಲ. ಎರಡನೆಯದಾಗಿ ಶತ್ರುವಿನ ಅಡಗುತಾಣ. ಮೊದಲನೆಯ ದೃಷ್ಟಿಯ ಪರಿಣಾಮಗಳನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಎರಡನೆಯ ದೃಷ್ಟಿಯು ಅಲ್ಲಿಯ ನಿವಾಸಿಗಳ ದಿನನಿತ್ಯದ ನಡೆನುಡಿಯನ್ನು ಹೇಗೆ ಅಪರಾಧದ ಚೌಕಟ್ಟಿಗೆ ಸೇರಿಸಿತೆಂಬ ವಿಚಾರ ಜಾನಪದ ಅಧ್ಯಯನದ ಪರಿಧಿಯೊಳಗೆ ಅಷ್ಟಾಗಿ ಬಂದಿಲ್ಲ. ಹಸಿದು ಬಂದವನಿಗೆ ಅನ್ನವಿಡುವುದು, ಇರುಳು ಬಂದವನಿಗೆ ಜಗುಲಿಯಲ್ಲಿ ಜಾಗ ಕೊಡುವುದು, ದಾರಿ ಕೇಳಿದವನಿಗೆ ದಾರಿ ತೋರುವುದು ಕಾಡಂಚಿನ ಬದುಕಿನ ಮೂಲ ಕಟ್ಟಳೆಗಳು. ಭಯೋತ್ಪಾದನೆಯನ್ನು ಹತ್ತಿಕ್ಕಲೆಂದು ರೂಪುಗೊಂಡ ಕಾನೂನುಗಳಲ್ಲಿ ಇವೇ ಕ್ರಿಯೆಗಳು ‘ಆಶ್ರಯ ನೀಡಿಕೆ’ ಎಂಬ ಅಪರಾಧಗಳಾಗುತ್ತವೆ. ಈ ರೂಪಾಂತರವು ಕರ್ನಾಟಕದಲ್ಲಿ ನಡೆದು ಬಂದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಅಂಬೇವಾಡಿಯ ಸುತ್ತಣ ಸೀಮೆಯ ಹತ್ತೊಂಬತ್ತನೆಯ ಶತಮಾನದ ಬಂಡಾಯಗಳಿಂದ ಆರಂಭಿಸಿ, ಮಲೆ ಮಾದೇಶ್ವರ ಬೆಟ್ಟದ ಪ್ರಕರಣವನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಮರಳಿ ಇದೇ ಸೀಮೆಗೆ ಬಂದು ಚರ್ಚೆಯನ್ನು ಮುಗಿಸಲಾಗುವುದು.

2. ಬಂಡಾಯದ ಕಾಡು: 1830ರಿಂದ 1859

ಕಿತ್ತೂರು ಸಂಸ್ಥಾನದ ಪತನದ ನಂತರ, 1830ರ ಆರಂಭದ ತಿಂಗಳುಗಳಲ್ಲಿ ಸಂಗೊಳ್ಳಿ ರಾಯಣ್ಣನು ಖಾನಾಪುರ, ನಂದಗಡ, ಬೀಡಿ, ಸಂಪಗಾವಿ ಸೀಮೆಗಳಲ್ಲಿ ಕಂಪನಿ ಸರ್ಕಾರದ ವಿರುದ್ಧ ಗೆರಿಲ್ಲಾ ಮಾದರಿಯ ಹೋರಾಟ ನಡೆಸಿದನು. ಅವನ ಪಡೆಗೆ ಕಾಡೇ ಕೋಟೆಯಾಗಿತ್ತು. ಗಜವೀರನೆಂಬ ಸಿದ್ದಿ ವೀರ ಅವನ ಸಂಗಡಿಗರಲ್ಲಿ ಒಬ್ಬ. ಅಳ್ನಾವರ ಸಮೀಪದ ಡೋರಿ ಹಳ್ಳದಲ್ಲಿ ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟ ಪ್ರಸಂಗವನ್ನು ಈ ಭಾಗದ ಜನಪದ ಕಥನಗಳು ಇಂದಿಗೂ ನಿರೂಪಿಸುತ್ತವೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕಂಪನಿಯ ದೃಷ್ಟಿಯಲ್ಲಿ ಅವನು ಹಳ್ಳಿಗಳನ್ನು ಲೂಟಿ ಮಾಡುವ ಗುಂಪಿನ ನಾಯಕ. ಜನರಾದರೋ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಸಂತಾನಾಪೇಕ್ಷೆಯಿಂದ ತೊಟ್ಟಿಲು ಕಟ್ಟುತ್ತಾರೆ. ಒಬ್ಬನೇ ವ್ಯಕ್ತಿಯ ಬಗೆಗೆ ಪ್ರಭುತ್ವ ಮತ್ತು ಪ್ರಜೆ ಇಟ್ಟುಕೊಂಡ ಎರಡು ದಾಖಲೆಗಳು ಇವು. ಜನಪದ ಕಥನವು ಅವನಿಗೆ ಅನ್ನವಿತ್ತವರನ್ನು ಪುಣ್ಯವಂತರೆಂದೂ, ಹಿಡಿದುಕೊಟ್ಟವರನ್ನು ದ್ರೋಹಿಗಳೆಂದೂ ಗುರುತಿಸಿತು. ಕಂಪನಿಯ ಲೆಕ್ಕದಲ್ಲಿ ಈ ಎರಡೂ ಸ್ಥಾನಗಳು ಅದಲುಬದಲಾಗಿದ್ದವು.

1857ರಲ್ಲಿ ಜಾರಿಗೆ ಬಂದ ನಿಶ್ಶಸ್ತ್ರೀಕರಣ ಕಾಯಿದೆ ಈ ಅಂತರವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಉತ್ತರ ಭಾರತದ ದಂಗೆಯ ಭೀತಿಯಿಂದ ಹುಟ್ಟಿದ ಈ ಕಾಯಿದೆಯು ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಮನೆಬಾಗಿಲಿಗೂ ಬಂದಿತು. ಬೇಡರಿಗೆ ಆಯುಧವು ಕಸುಬು, ಕುಲಗೌರವ ಹಾಗೂ ಆರಾಧನೆಗಳೊಡನೆ ಬೆಸೆದುಕೊಂಡ ವಸ್ತು. ದೂರದ ಭೀತಿಯೊಂದು ಅದನ್ನು ರಾಜದ್ರೋಹದ ಸಾಧನವಾಗಿ ಮಾರ್ಪಡಿಸಿತು. ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯನ್ನು ಕಂಪನಿಯ ಸೈನ್ಯ ಸುಟ್ಟುಹಾಕಿತು. 1857ರ ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಕನ್ನಡ ಜಾನಪದ ಅಧ್ಯಯನದ ಆರಂಭದ ಮೈಲಿಗಲ್ಲುಗಳಲ್ಲಿ ಒಂದು. ಅಧಿಕಾರಿಯೊಬ್ಬನೇ ಈ ಲಾವಣಿಯನ್ನು ಉಳಿಸಿಕೊಟ್ಟದ್ದು ಗಮನಾರ್ಹವಾದ ಸಂಗತಿ.

ಮರುವರ್ಷ ಸೂಪಾ ಸೀಮೆಯಲ್ಲಿಯೇ ದಂಗೆ ಕಾಣಿಸಿಕೊಂಡಿತು. 1858–59ರ ಅವಧಿಯಲ್ಲಿ ಫಡ್ನೀಸ್ ಸಹೋದರರೂ ಸಿದ್ದಿ ಬಸ್ತ್ಯಾಂವ್‌ನೂ ಗೋವೆಯ ಗಡಿಗುಂಟ ಇರುವ ಗುಡ್ಡಗಾಡನ್ನು ನೆಲೆಯಾಗಿಸಿಕೊಂಡು ಸರ್ಕಾರಿ ಠಾಣ್ಯಗಳ ಮೇಲೆ ದಾಳಿ ನಡೆಸಿದರು. ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಪೋರ್ಚುಗೀಸರು. ನಡುವಿನ ಕಾಡು ಯಾರ ಹಿಡಿತಕ್ಕೂ ಪೂರ್ಣವಾಗಿ ಸಿಕ್ಕಿರಲಿಲ್ಲ. ಗಡಿಯೆಂಬುದು ಆಡಳಿತದ ನಕ್ಷೆಯಲ್ಲಿ ಎಷ್ಟು ಖಚಿತವಾಗಿತ್ತೋ ದನ ಮೇಯಿಸುವವರ, ಕುಮರಿ ಬೇಸಾಯ ಮಾಡುವವರ ಬದುಕಿನಲ್ಲಿ ಅಷ್ಟೇ ಸಡಿಲವಾಗಿತ್ತು. ಸಂಬಂಧಿಕರು, ಸಂತೆಗಳು, ದೇವರುಗಳು ಗಡಿಯ ಎರಡೂ ಬದಿಗೆ ಹರಡಿಕೊಂಡಿದ್ದವು. ಕಾಲುದಾರಿಗಳನ್ನು ಬಲ್ಲವನೆಂಬುದೇ ಇಂತಹ ಕಡೆ ಒಬ್ಬನನ್ನು ಸಂಶಯಕ್ಕೆ ಗುರಿಮಾಡಲು ಸಾಕಾಗುತ್ತಿತ್ತು.

3. ಕೃತ್ಯದಿಂದ ಕುಲಕ್ಕೆ

ವಸಾಹತು ಆಡಳಿತವು ಭೀತಿಯನ್ನು ಕಾನೂನಿನ ಭಾಷೆಗೆ ತಂದ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಗಮನಿಸಬೇಕು. 1836ರ ಠಗ್ಗರ ಕಾಯಿದೆಯಂತೆ ಒಬ್ಬನು ನಿರ್ದಿಷ್ಟ ಕೊಲೆಯನ್ನು ಮಾಡಿದನೆಂದು ಸಾಬೀತುಪಡಿಸಬೇಕಾಗಿರಲಿಲ್ಲ. ಕಾಯಿದೆ ಬರುವ ಮೊದಲಾಗಲಿ ಅನಂತರವಾಗಲಿ ಠಗ್ಗರ ಗುಂಪಿಗೆ ಸೇರಿದ್ದನೆಂದು ತೋರಿಸಿದರೆ ಜೀವಾವಧಿ ಶಿಕ್ಷೆ ವಿಧಿಸಬಹುದಾಗಿತ್ತು. ಗುಂಪಿನಲ್ಲಿದ್ದು ಸರ್ಕಾರದ ಪಕ್ಷಕ್ಕೆ ಬಂದ ಮಾಫಿ ಸಾಕ್ಷಿಗಳ ಹೇಳಿಕೆಯೇ ಇದಕ್ಕೆ ಬಹುಮಟ್ಟಿನ ಆಧಾರ. ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಠಗ್ಗನ ಆತ್ಮನಿವೇದನೆಯ ರೂಪದ ಕಾದಂಬರಿಯು ಈ ಭೀತಿಯನ್ನು ಇಂಗ್ಲೆಂಡಿನ ಓದುಗರ ಮನೆಗೂ ಮುಟ್ಟಿಸಿತು. ಮುಂದೆ ಸುರಪುರದಲ್ಲಿ ಆಡಳಿತ ನಡೆಸಿದ ಟೇಲರನು ಕರ್ನಾಟಕದ ಇತಿಹಾಸಕಾರರಿಗೆ ಸುಪರಿಚಿತನೇ ಆಗಿದ್ದಾನೆ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹುಟ್ಟಿನಿಂದಲೇ ಸಂಶಯಕ್ಕೆ ಗುರಿಯಾಗುವ ಕುಲಗಳ ಪಟ್ಟಿಯನ್ನು ಸಿದ್ಧಪಡಿಸಿತು. ಅಲೆಮಾರಿತನವೇ ಅಪರಾಧದ ಲಕ್ಷಣವಾಯಿತು. ಹುಬ್ಬಳ್ಳಿ, ಗದಗ ನಗರಗಳಲ್ಲಿ ಇಂತಹ ಕುಲಗಳನ್ನು ಕೂಡಿಹಾಕಿದ ಜಾಗಗಳಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು, ಮರಳದಿದ್ದರೆ ಶಿಕ್ಷೆ ಎಂಬ ವ್ಯವಸ್ಥೆಯಲ್ಲಿ ಹಲವು ತಲೆಮಾರುಗಳು ಕಳೆದವು. 1952ರಲ್ಲಿ ಈ ಕಾಯಿದೆ ರದ್ದಾಯಿತಾದರೂ ಪೊಲೀಸ್ ಠಾಣೆಯ ನೆನಪಿನಲ್ಲಿ ಈ ಕುಲಗಳಿಗೆ ಅಂಟಿದ ಹೆಸರು ಅಷ್ಟು ಬೇಗ ಅಳಿಯಲಿಲ್ಲ. ಕೃತ್ಯಕ್ಕಿಂತ ಸಂಬಂಧವನ್ನು ಶಿಕ್ಷಿಸುವ, ಸಾಕ್ಷ್ಯಕ್ಕಿಂತ ಹೆಸರನ್ನು ನೆಚ್ಚುವ ಈ ರೂಢಿ ಸ್ವತಂತ್ರ ಭಾರತದ ವಿಶೇಷ ಕಾನೂನುಗಳ ಹಿನ್ನೆಲೆಯಲ್ಲಿದೆ.

4. ಮಾದಪ್ಪನ ಬೆಟ್ಟದ ಸುತ್ತ

1985ರಲ್ಲಿ ಪಂಜಾಬಿನ ಹಿಂಸಾಚಾರದ ಹಿನ್ನೆಲೆಯಲ್ಲಿ ಮೊದಲು ಬಂದು, 1987ರಲ್ಲಿ ಮರುರೂಪ ಪಡೆದ ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ ತಡೆ ಕಾಯಿದೆಯು ‘ಟಾಡಾ’ ಎಂದೇ ಪ್ರಸಿದ್ಧವಾಯಿತು. ಸಾಮಾನ್ಯ ಸಾಕ್ಷ್ಯ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾದ 15ನೆಯ ವಿಧಿಯು ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯು ದಾಖಲಿಸಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಿತು. ಜಾಮೀನು ಅತಿ ದುರ್ಲಭವಾಯಿತು. 3ನೆಯ ವಿಧಿಯ 4ನೆಯ ಉಪವಿಧಿಯಂತೆ ಭಯೋತ್ಪಾದಕನಿಗೆ ಆಶ್ರಯ ನೀಡಿದವರಿಗೆ ಕನಿಷ್ಠ 5 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆ. ಬಂದವನು ಭಯೋತ್ಪಾದಕನೆಂದು ತಿಳಿದೇ ಆಶ್ರಯ ನೀಡಿರಬೇಕೆಂಬ ಮಾತು ಈ ಉಪವಿಧಿಯಲ್ಲಿ ಇರಲಿಲ್ಲ. ಆ ತಿಳಿವಳಿಕೆ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು ಕಲ್ಪನಾಥ್ ರಾಯ್ ಪ್ರಕರಣದಲ್ಲಿ ಅರ್ಥೈಸಿದ್ದು 1997ರಲ್ಲಿ. ಅಷ್ಟರಲ್ಲಿ, 1995ರ ಮೇ ತಿಂಗಳಲ್ಲಿ, ಕಾಯಿದೆಯ ಅವಧಿಯೇ ಮುಗಿದಿತ್ತು. ಆದರೆ ಅದರಡಿ ಹೂಡಲಾದ ಮೊಕದ್ದಮೆಗಳು ಮುಂದುವರಿದವು.

ಪಂಜಾಬಿಗಾಗಿ ರೂಪಿಸಿದ ಈ ಕಾಯಿದೆ ಕರ್ನಾಟಕದ ಕಾಡಂಚಿಗೆ ಬಂದದ್ದು ವೀರಪ್ಪನ್ ಪ್ರಕರಣದ ಮೂಲಕ. ಆನೆದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದ ಆರಂಭಿಸಿದ ವೀರಪ್ಪನ್ ಅತ್ಯಂತ ಕ್ರೂರವಾದ ಕೊಲೆಗಳನ್ನು ನಡೆಸಿದನೆಂಬುದರಲ್ಲಿ ಸಂದೇಹವಿಲ್ಲ. ಕಾಡಿನ ಜನರ ಹಿತಕ್ಕಾಗಿ ದುಡಿದು ಅವರ ಗೌರವಕ್ಕೆ ಪಾತ್ರರಾಗಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಹತರಾದರು. 1992ರ ಆಗಸ್ಟ್ 14ರಂದು ಮೈಸೂರು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮೀಣ್ಯದ ಬಳಿ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಸಮೀಪ ನೆಲಬಾಂಬು ಸಿಡಿದು 22 ಜನ ಸತ್ತರು. ಈ ಸಾವುಗಳನ್ನು ಬದಿಗಿಟ್ಟು ಮುಂದಿನ ಘಟನೆಗಳನ್ನು ಅರ್ಥಮಾಡಿಕೊಳ್ಳಲಾಗದು.

ಮುಂದೆ ನಡೆದುದು ಹಳ್ಳಿಗಳ ಮೇಲಿನ ಕಾರ್ಯಾಚರಣೆ. ಕರ್ನಾಟಕ ಮತ್ತು ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ಮಲೆ ಮಾದೇಶ್ವರ ಬೆಟ್ಟದ ಸುತ್ತಣ ಹಾಡಿ, ದೊಡ್ಡಿ, ಗ್ರಾಮಗಳಿಂದ ಜನರನ್ನು ವಿಚಾರಣೆಗೆಂದು ಕರೆದೊಯ್ದವು. ಗಂಡಸರೊಡನೆ ಹೆಂಗಸರೂ ಇದ್ದರು. ನೂರಕ್ಕೂ ಹೆಚ್ಚು ಜನ ಟಾಡಾ ಆರೋಪಿಗಳಾಗಿ ಮೈಸೂರಿನ ಕಾರಾಗೃಹ ಸೇರಿದರು. ಅವರಲ್ಲಿ ಅನೇಕರು ಕನ್ನಡವನ್ನಾಗಲಿ ತಮಿಳನ್ನಾಗಲಿ ಓದಲು ಬಾರದ ಕೂಲಿಕಾರರು, ಕುರಿ ಕಾಯುವವರು, ಕಲ್ಲು ಒಡೆಯುವವರು. ಅಕ್ಕಿ, ರಾಗಿ, ಬೀಡಿ ಒದಗಿಸಿದರು, ದಾರಿ ತೋರಿದರು, ಸುದ್ದಿ ಮುಟ್ಟಿಸಿದರು ಎಂಬಂತಹ ಸಂಶಯಗಳು ಕಾಡಂಚಿನ ಯಾವ ಮನೆಯನ್ನಾದರೂ ಮುಟ್ಟಬಹುದಾಗಿತ್ತು.

ಈ ಸಂಶಯಗಳನ್ನು ಆ ಸೀಮೆಯ ಸಂಸ್ಕೃತಿಯ ಬೆಳಕಿನಲ್ಲಿ ನೋಡಬೇಕಾಗುತ್ತದೆ. ದೇವರಗುಡ್ಡರು ಕಂಸಾಳೆಯೊಡನೆ ಹಾಡುವ ಮಾದೇಶ್ವರ ಕಾವ್ಯದಲ್ಲಿ ಮಾದಪ್ಪನು ಜಂಗಮನ ವೇಷದಲ್ಲಿ ಮನೆಬಾಗಿಲಿಗೆ ಬಂದು ಭಿಕ್ಷೆ ಕೇಳುವ ಸನ್ನಿವೇಶ ಮತ್ತೆ ಮತ್ತೆ ಎದುರಾಗುತ್ತದೆ. ಬಂದವನಾರೆಂದು ಮನೆಯವರಿಗೆ ತಿಳಿಯದು. ನೀಡಿದವರು ಒಲುಮೆಗೆ ಪಾತ್ರರಾಗುತ್ತಾರೆ. ಇಲ್ಲವೆಂದವರು ಕೇಡಿಗೆ ಗುರಿಯಾಗುತ್ತಾರೆ. ಗುರುತು ಕೇಳದೆ ನೀಡಬೇಕೆಂಬುದು ಈ ಕಾವ್ಯದ ನೈತಿಕ ಕಟ್ಟಳೆ. ಬೆಟ್ಟದ ಸುತ್ತಣ ಸೋಲಿಗರೂ ಇತರ ಒಕ್ಕಲುಗಳೂ ಈ ಕಟ್ಟಳೆಯೊಳಗೆ ಬೆಳೆದವರು. ಇದರ ಜೊತೆಗೆ ಇನ್ನೊಂದು ವಾಸ್ತವವೂ ಇತ್ತು. ಕೋವಿ ಹಿಡಿದು ಬಂದವನಿಗೆ ಅನ್ನ ನಿರಾಕರಿಸುವ ಸ್ವಾತಂತ್ರ್ಯ ಒಂಟಿ ಗುಡಿಸಲಿನವರಿಗೆ ಇರಲಿಲ್ಲ. ಸುಳಿವು ಕೊಟ್ಟವರೆಂಬ ಸಂಶಯದ ಮೇಲೆ ವೀರಪ್ಪನ್ ಹಳ್ಳಿಗರನ್ನು ಕೊಂದ ಪ್ರಸಂಗಗಳು ಅವರ ಕಣ್ಣ ಮುಂದಿದ್ದವು. ಕೊಟ್ಟರೆ ಪೊಲೀಸರ ಭಯ, ಕೊಡದಿದ್ದರೆ ಅವನ ಭಯ. ಕಾನೂನು ಮಾತ್ರ ಕೊಟ್ಟ ಕೈಯನ್ನಷ್ಟೇ ಕಂಡಿತು.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಈ ಬಂದಿಗಳ ವಿಚಾರ ಇಡೀ ರಾಜ್ಯದ ರಾಜಕಾರಣಕ್ಕೆ ಸೇರಿತು. ಮೈಸೂರಿನಲ್ಲಿದ್ದ ಟಾಡಾ ಬಂದಿಗಳ ಬಿಡುಗಡೆ ಅವನ ಬೇಡಿಕೆಗಳಲ್ಲಿ ಒಂದಾಗಿತ್ತು. ರಾಜ್ಯದಲ್ಲಿ ಶಾಂತಿ ಕದಡುವ ಭೀತಿಯಿಂದ ಸರ್ಕಾರವು 51 ಆರೋಪಿಗಳ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ವಿಶೇಷ ನ್ಯಾಯಾಲಯವೂ ಸಮ್ಮತಿಸಿತು. ಹತರಾದ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2000ದ ನವೆಂಬರ್ 7ರಂದು ನ್ಯಾಯಾಲಯವು ಆ ಸಮ್ಮತಿಯನ್ನು ರದ್ದುಗೊಳಿಸಿತು. ರಾಜಕುಮಾರ್ 108 ದಿನಗಳ ನಂತರ ನವೆಂಬರ್ 15ರಂದು ಬಿಡುಗಡೆಗೊಂಡರು.

ಈ ಪ್ರಸಂಗದ ಒಳಗಿನ ವಿರೋಧಾಭಾಸ ಗಮನಾರ್ಹ. ಏಳು ವರ್ಷಗಳ ಕಾಲ ಜಾಮೀನಿಗೂ ಅನರ್ಹರೆಂದು ಪ್ರಭುತ್ವವು ವಾದಿಸಿದ್ದ ಜನರನ್ನು ಕೆಲವೇ ದಿನಗಳಲ್ಲಿ ಬಿಟ್ಟುಬಿಡಲು ಅದೇ ಪ್ರಭುತ್ವ ಸಿದ್ಧವಾಯಿತು. ಸೆರೆಗೆ ಕಾರಣವಾದದ್ದು ಒಂದು ಭೀತಿ, ಬಿಡುಗಡೆಗೆ ಕಾರಣವಾಗಲಿದ್ದದ್ದು ಇನ್ನೊಂದು ಭೀತಿ. ಆರೋಪಿಯು ನಿಜವಾಗಿ ಏನು ಮಾಡಿದ್ದನೆಂಬ ಪ್ರಶ್ನೆ ಎರಡು ಸಂದರ್ಭಗಳಲ್ಲಿಯೂ ಹಿಂದೆ ಸರಿದಿತ್ತು. ಆ ಪ್ರಶ್ನೆಗೆ ಉತ್ತರ ದೊರೆತದ್ದು 2001ರ ಸೆಪ್ಟೆಂಬರಿನಲ್ಲಿ, ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪಿನಲ್ಲಿ. ಬಹುಪಾಲು ಆರೋಪಿಗಳು ಖುಲಾಸೆಯಾದರು. ಅಷ್ಟರಲ್ಲಿ ಅವರಲ್ಲಿ ಅನೇಕರು ಎಂಟು ವರ್ಷಗಳಷ್ಟು ಕಾಲವನ್ನು ಸೆರೆಯಲ್ಲಿ ಕಳೆದಿದ್ದರು. ಶಿಕ್ಷೆಗೊಳಗಾದವರಲ್ಲಿ ನಾಲ್ವರ ಜೀವಾವಧಿಯನ್ನು ಸರ್ವೋಚ್ಚ ನ್ಯಾಯಾಲಯವು 2004ರ ಜನವರಿಯಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿಗಳ ತೀರ್ಮಾನ ಅತಿಯಾಗಿ ವಿಳಂಬವಾದ ಕಾರಣ 2014ರ ಜನವರಿ 21ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಕಾರ್ಯಪಡೆಗಳ ಮೇಲಿನ ಚಿತ್ರಹಿಂಸೆಯ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ನಿವೃತ್ತ ಪೊಲೀಸ್ ಅಧಿಕಾರಿ ಸಿ. ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿಯು ಬೆಟ್ಟದ ಎರಡೂ ರಾಜ್ಯಗಳ ಜನರಿಂದ ಹೇಳಿಕೆಗಳನ್ನು ಪಡೆದು 2003ರಲ್ಲಿ ವರದಿ ಸಲ್ಲಿಸಿತು. ದೂರುಗಳೆಲ್ಲವೂ ಸಾಬೀತಾಗಲಿಲ್ಲ. ಆದರೆ 2007ರಲ್ಲಿ ಆಯೋಗವು 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಪರಿಹಾರ ನೀಡುವಂತೆ ಶಿಫಾರಸು ಮಾಡಿತು. ವೀರಪ್ಪನ್ 2004ರ ಅಕ್ಟೋಬರ್ 18ರಂದೇ ಹತನಾಗಿದ್ದನು. ಅವನನ್ನು ಕುರಿತು ಪುಸ್ತಕಗಳೂ ಚಲನಚಿತ್ರಗಳೂ ಹೇರಳವಾಗಿ ಬಂದವು. ಖುಲಾಸೆಯಾಗಿ ಹಳ್ಳಿಗೆ ಮರಳಿದವರ ಬದುಕು ಮಾತ್ರ ಬಹುಮಟ್ಟಿಗೆ ಮೌಖಿಕ ನೆನಪಾಗಿಯೇ ಉಳಿದಿದೆ.

5. ಮಲೆನಾಡಿನ ಮನೆಗಳು

ಬೆಟ್ಟದ ಸೀಮೆಯಲ್ಲಿ ಕಂಡದ್ದೇ ಮುಂದಿನ ದಶಕದಲ್ಲಿ ಪಶ್ಚಿಮ ಘಟ್ಟದ ನಡುಭಾಗದಲ್ಲಿ ಬೇರೆ ಹೆಸರಿನಲ್ಲಿ ಮರಳಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಆತಂಕವಿದ್ದ ಹಳ್ಳಿಗಳಲ್ಲಿ ನಕ್ಸಲ್ ಚಳವಳಿ ನೆಲೆಯೂರಲು ಯತ್ನಿಸಿತು. 2003ರ ನವೆಂಬರಿನಲ್ಲಿ ಕಾರ್ಕಳ ಸಮೀಪದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಚಳವಳಿಯ ನಾಯಕ ಸಾಕೇತ್ ರಾಜನ್ ಹತನಾದನು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ದಾಳಿ ನಡೆಯಿತು. ನಕ್ಸಲ್ ನಿಗ್ರಹ ಪಡೆಯ ಶೋಧ ಮಲೆಕುಡಿಯರ ಮನೆಗಳವರೆಗೆ ಬಂದಿತು.

2012ರ ಮಾರ್ಚಿನಲ್ಲಿ ಕುದುರೆಮುಖದ ಅಂಚಿನ ಹಳ್ಳಿಯೊಂದರ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿ ಮತ್ತು ಅವನ ತಂದೆಯನ್ನು ನಕ್ಸಲರಿಗೆ ನೆರವಾದ ಆರೋಪದ ಮೇಲೆ ಬಂಧಿಸಲಾಯಿತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆ, ಅಂದರೆ ಯುಎಪಿಎ, ಅವರ ಮೇಲೆ ಅನ್ವಯವಾಯಿತು. ಮನೆಯಲ್ಲಿ ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್‌ನನ್ನು ಕುರಿತ ಪುಸ್ತಕ, ಪತ್ರಿಕೆಗಳ ತುಣುಕುಗಳು, ಊರಿಗೆ ಮೂಲ ಸೌಕರ್ಯ ಒದಗಿಸಬೇಕೆಂಬ ಪತ್ರ ಇದ್ದವು. ಕೈಕೋಳ ತೊಟ್ಟೇ ಪರೀಕ್ಷೆ ಬರೆದ ಆ ವಿದ್ಯಾರ್ಥಿಯ ಚಿತ್ರ ನಾಡಿನ ಗಮನ ಸೆಳೆಯಿತು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ತಂದೆ ಮಗ ಇಬ್ಬರನ್ನೂ ಖುಲಾಸೆಗೊಳಿಸಿತು. ಅಂತಹ ಪುಸ್ತಕ, ಪತ್ರಿಕೆಗಳನ್ನು ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿಲ್ಲವೆಂದು ಹೇಳಿತು. ಈ ಸರಳ ಮಾತನ್ನು ಕೇಳಲು ಒಂಬತ್ತು ವರ್ಷ ಬೇಕಾಯಿತು.

ಓದು ಬಾರದವರು ಬೆಟ್ಟದ ಪ್ರಕರಣದಲ್ಲಿ ತಾವು ಹೆಬ್ಬೆಟ್ಟು ಒತ್ತಿದ ಕಾಗದದಿಂದ ಸಿಕ್ಕಿಬಿದ್ದರೆ, ಇಲ್ಲಿ ಸಮುದಾಯದ ಮೊದಲ ತಲೆಮಾರಿನ ಓದುಗನ ಓದೇ ಸಂಶಯದ ವಸ್ತುವಾಯಿತು. ಮುಂದೆ ಈ ಭಾಗದ ನಕ್ಸಲ್ ಚಟುವಟಿಕೆ ಕ್ಷೀಣಿಸಿತು. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪ ವಿಕ್ರಂ ಗೌಡ ಹತನಾದ ಬಳಿಕ, 2025ರ ಜನವರಿ 8ರಂದು ಆರು ಜನ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದರು. ಬಲಪ್ರಯೋಗದ ಜೊತೆಗೆ ಶರಣಾಗತಿ ಮತ್ತು ಪುನರ್ವಸತಿಯ ದಾರಿಯೂ ಪ್ರಭುತ್ವದ ಬಳಿ ಇತ್ತೆಂಬುದನ್ನು ಇದು ತೋರಿಸುತ್ತದೆ.

6. ಕಾಡಿನಿಂದ ನಗರಕ್ಕೆ, ಅನ್ನದಿಂದ ಸಿಮ್ ಕಾರ್ಡಿಗೆ

ಈಗ ಮರಳಿ ಅಂಬೇವಾಡಿಯ ಸೀಮೆಗೆ ಬರಬಹುದು. 2007ರಲ್ಲಿ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಸುತ್ತಣ ಕಾಡಿನಲ್ಲಿ ನಿಷೇಧಿತ ಸಿಮಿ ಸಂಘಟನೆಯವರು ತರಬೇತಿ ಶಿಬಿರ ನಡೆಸಿದರೆಂಬುದು ತನಿಖಾ ಸಂಸ್ಥೆಗಳ ಆರೋಪವಾಗಿತ್ತು. 2008ರ ಆರಂಭದಲ್ಲಿ ಹುಬ್ಬಳ್ಳಿ ಮತ್ತಿತರ ಕಡೆ ಬಂಧನಗಳು ನಡೆದವು. ಬಂಧಿತರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಒಂದೂವರೆ ಶತಮಾನದ ಹಿಂದೆ ಫಡ್ನೀಸರ ದಂಗೆಯಿಂದ ಅಡಗುತಾಣವೆನಿಸಿದ್ದ ಅದೇ ಗಡಿಗಾಡು ಮತ್ತೆ ಆ ಹೆಸರು ಪಡೆಯಿತು. ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸಿದ 17 ಜನರೂ 2015ರಲ್ಲಿ ಖುಲಾಸೆಯಾದರು. ಇದೇ ಸಂಘಟನೆಯ ಕೇರಳದ ವಾಗಮೋಣ್ ಶಿಬಿರದ ಪ್ರಕರಣದಲ್ಲಿ 2018ರಲ್ಲಿ 18 ಜನರಿಗೆ ಶಿಕ್ಷೆಯಾಯಿತು. ಸಾಕ್ಷ್ಯವನ್ನು ತೂಗಿ ನೋಡಿದಾಗ ನ್ಯಾಯಾಲಯಗಳು ಒಂದು ಕಡೆ ಖುಲಾಸೆ, ಇನ್ನೊಂದು ಕಡೆ ಶಿಕ್ಷೆ ನೀಡಬಲ್ಲವೆಂಬುದನ್ನು ಈ ಎರಡು ತೀರ್ಪುಗಳು ಒಟ್ಟಾಗಿ ತಿಳಿಸುತ್ತವೆ. ವಿಚಾರಣೆಗೆ ಮೊದಲೇ ಸಮಾಜವು ನೀಡುವ ತೀರ್ಪಿಗೆ ಈ ವಿವೇಚನೆ ಇರುವುದಿಲ್ಲ. 2020ರ ಫೆಬ್ರವರಿಯಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಾದಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯಿಸಿದಾಗ ರಾಜ್ಯ ಉಚ್ಚ ನ್ಯಾಯಾಲಯವು ಆ ನಿಲುವನ್ನು ಆಕ್ಷೇಪಿಸಬೇಕಾಯಿತು.

ಊರ ಹೆಸರನ್ನು ಅಡ್ಡಹೆಸರಾಗಿ ಬಳಸುವುದು ಕನ್ನಡ ಕರಾವಳಿಯ ಹಳೆಯ ರೂಢಿ. ಇದೇ ಜಿಲ್ಲೆಯ ಭಟ್ಕಳದ ಹೆಸರು ಇಂಡಿಯನ್ ಮುಜಾಹಿದೀನ್ ಪ್ರಕರಣಗಳ ಆರೋಪಿಗಳೊಡನೆ ಸೇರಿಕೊಂಡ ನಂತರ ಆ ರೂಢಿಯೇ ಭಾರವಾಯಿತು. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ 2013ರಲ್ಲಿ ನಡೆದ ಸ್ಫೋಟಗಳಿಗಾಗಿ 2016ರಲ್ಲಿ ಶಿಕ್ಷೆಗೊಳಗಾದವರಲ್ಲಿ ಆ ಹೆಸರಿನಿಂದ ಪ್ರಸಿದ್ಧನಾದವನೊಬ್ಬನಿದ್ದನು. ವ್ಯಕ್ತಿಯ ಅಪರಾಧ ಸಾಬೀತಾಯಿತು. ಆದರೆ ಸಂಶಯ ವ್ಯಕ್ತಿಗೆ ನಿಲ್ಲದೆ ನವಾಯತ ಸಮುದಾಯದ ಹಳೆಯ ವ್ಯಾಪಾರಿ ಪಟ್ಟಣದ ಮೇಲೆಯೇ ಹರಡಿತು. ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕುಲಕ್ಕೆ ಮಾಡಿದ್ದನ್ನು ಇಲ್ಲಿ ಜನರ ಬಾಯಿಮಾತು ಊರಿಗೆ ಮಾಡಿತು.

ಈ ಭೀತಿಯು ಹೊರದೇಶದಲ್ಲಿಯೂ ಕನ್ನಡ ನಾಡಿನವನೊಬ್ಬನನ್ನು ಮುಟ್ಟಿತು. ಮೂಡಿಗೆರೆ ಮೂಲದ, ಬೆಂಗಳೂರಿನ ವೈದ್ಯ ಮಹಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಬಂಧಿಸಲಾಯಿತು. ಬ್ರಿಟನ್ನಿನ ದಾಳಿ ಪ್ರಕರಣದೊಡನೆ ತಳಕು ಹಾಕಿಕೊಂಡ ಬಂಧುವೊಬ್ಬರಿಗೆ ಹಿಂದೆ ತಮ್ಮ ಮೊಬೈಲ್ ಸಿಮ್ ಕಾರ್ಡ್ ಬಿಟ್ಟುಬಂದದ್ದೇ ಅವರ ಮೇಲಿನ ಆರೋಪದ ಆಧಾರ. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. 2008ರ ಕ್ಲಾರ್ಕ್ ವಿಚಾರಣಾ ವರದಿಯು ಅವರ ವಿರುದ್ಧ ಸಾಕ್ಷ್ಯವಿರಲಿಲ್ಲವೆಂದು ತಿಳಿಸಿತು; 2010ರಲ್ಲಿ ಪರಿಹಾರವೂ ದೊರೆಯಿತು. ಗುಡಿಸಲಿನ ಅನ್ನದ ಸ್ಥಾನದಲ್ಲಿ ಇಲ್ಲಿ ಸಿಮ್ ಕಾರ್ಡ್ ಇದೆ. ಬಂಧುತ್ವದ ಸಹಜ ಕೊಡುಕೊಳೆಯೊಂದನ್ನು ಭೀತಿಯು ಓದಿಕೊಂಡ ರೀತಿಯಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಆದರೆ ತಪ್ಪನ್ನು ಕಂಡುಕೊಳ್ಳಲು ಅಲ್ಲಿ ಒಂದು ತಿಂಗಳೊಳಗೆ ಸಾಧ್ಯವಾದದ್ದನ್ನು ಮರೆಯಬಾರದು.

7. ತಿಳಿದು ಕೊಟ್ಟವರು, ತಿಳಿಯದೆ ಕೊಟ್ಟವರು

ಟಾಡಾದ ಬಳಿಕ 2002ರಲ್ಲಿ ಪೋಟಾ ಬಂದು 2004ರಲ್ಲಿ ರದ್ದಾಯಿತು. ಅದರ ಮುಖ್ಯಾಂಶಗಳು 1967ರ ಯುಎಪಿಎ ಕಾಯಿದೆಗೆ 2004 ಮತ್ತು 2008ರ ತಿದ್ದುಪಡಿಗಳ ಮೂಲಕ ಸೇರಿದವು. ಮುಂಬಯಿಯ ಮೇಲಿನ ದಾಳಿಯ ಬೆನ್ನಲ್ಲೇ ಬಂದ 2008ರ ತಿದ್ದುಪಡಿಯು ಆರೋಪಪಟ್ಟಿಯಿಲ್ಲದೆ 180 ದಿನಗಳವರೆಗೆ ಬಂಧನದಲ್ಲಿಡಲು ಅವಕಾಶ ನೀಡಿತು; ಆರೋಪವು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ನೀಡಬಾರದೆಂದಿತು. 2019ರ ತಿದ್ದುಪಡಿ ಸಂಘಟನೆಯನ್ನಷ್ಟೇ ಅಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಈ ಬದಲಾವಣೆಗಳನ್ನು ತಂದಿವೆ. ಭೀತಿಯ ಹೊತ್ತಿನಲ್ಲಿ ಕಾಯಿದೆಯನ್ನು ಬಿಗಿಗೊಳಿಸುವುದು ರಾಜಕೀಯವಾಗಿ ಸುಲಭ, ಸಡಿಲಗೊಳಿಸುವುದು ಕಷ್ಟವೆಂಬುದು ಇದರಿಂದ ಸ್ಪಷ್ಟ.

ಯುಎಪಿಎಯ 19ನೆಯ ವಿಧಿ ಟಾಡಾಕ್ಕಿಂತ ಎಚ್ಚರದಿಂದ ರಚಿತವಾಗಿದೆ. ಸ್ವಇಚ್ಛೆಯಿಂದ, ಬಂದವನು ಭಯೋತ್ಪಾದಕನೆಂದು ತಿಳಿದು ಆಶ್ರಯ ನೀಡಿದ್ದರೆ ಮಾತ್ರ ಅಪರಾಧ. ಪತಿ ಅಥವಾ ಪತ್ನಿ ನೀಡಿದ ಆಶ್ರಯಕ್ಕೆ ವಿನಾಯಿತಿಯೂ ಇದೆ. ಮಾನವ ಸಂಬಂಧಗಳಿಗೆ ತಮ್ಮದೇ ಕಟ್ಟಳೆಗಳಿವೆಯೆಂಬುದನ್ನು ಕಾನೂನು ಇಲ್ಲಿ ಒಂದು ಮಿತಿಯಲ್ಲಿ ಒಪ್ಪಿಕೊಂಡಿದೆ. ತೊಡಕಿರುವುದು ಪ್ರಕ್ರಿಯೆಯಲ್ಲಿ. ‘ತಿಳಿದು ಕೊಟ್ಟನೇ, ಹೆದರಿ ಕೊಟ್ಟನೇ’ ಎಂಬ ಪ್ರಶ್ನೆಯನ್ನು ಆಳವಾಗಿ ವಿಚಾರಿಸುವುದು ಮೊಕದ್ದಮೆಯ ಕೊನೆಯಲ್ಲಿ. ಜಾಮೀನಿಲ್ಲದ ಸೆರೆ ಆರಂಭವಾಗುವುದು ಮೊದಲಲ್ಲಿ. ವಿಚಾರಣೆ ಅತಿಯಾಗಿ ವಿಳಂಬವಾದಲ್ಲಿ ಸಂವಿಧಾನದತ್ತ ನ್ಯಾಯಾಲಯಗಳು ಈ ನಿರ್ಬಂಧವನ್ನು ಮೀರಿಯೂ ಜಾಮೀನು ನೀಡಬಹುದೆಂದು 2021ರ ನಜೀಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ಈ ದೃಷ್ಟಿಯಿಂದ ಮಹತ್ವದ್ದು. ಆದರೆ ಕಾಡಂಚಿನ ಕೂಲಿಕಾರನಿಗೆ ದೆಹಲಿಯ ನ್ಯಾಯಾಲಯದ ದಾರಿ ಎಷ್ಟು ದೂರವೆಂಬುದೂ ಗಮನಿಸಬೇಕಾದ ಸಂಗತಿ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಹೊರಡುತ್ತವೆ. ಮೊದಲನೆಯದು, ಭಯೋತ್ಪಾದನೆಯ ಹಿಂಸೆ ನಿಜ. ಅದನ್ನು ತಡೆಯುವುದು ಪ್ರಭುತ್ವದ ಕರ್ತವ್ಯ. ಬೆಟ್ಟದಲ್ಲಿ ಸತ್ತ ಅಧಿಕಾರಿಗಳ, ಪೇದೆಗಳ, ಹಳ್ಳಿಗರ ಕುಟುಂಬಗಳು ಇದಕ್ಕೆ ಸಾಕ್ಷಿ. ಎರಡನೆಯದು, ಭೀತಿಯ ಕಾನೂನು ದೂರದ ಒಂದು ಸಂದರ್ಭಕ್ಕಾಗಿ ಹುಟ್ಟಿ ಬೇರೊಂದು ಸೀಮೆಯ ಬಡವರ ಮೇಲೆ ಬೀಳುತ್ತದೆ. ಉತ್ತರದ ದಂಗೆಗೆ ಹುಟ್ಟಿದ ಕಾಯಿದೆ ಹಲಗಲಿಗೆ ಬಂದಂತೆ ಪಂಜಾಬಿನ ಕಾಯಿದೆ ಮಾದಪ್ಪನ ಬೆಟ್ಟಕ್ಕೆ ಬಂದಿತು. ಮೂರನೆಯದು, ಅನ್ನ, ಆಶ್ರಯ, ದಾರಿ, ಹೆಸರು, ಓದು ಮೊದಲಾದವುಗಳಿಗೆ ಸಮುದಾಯದೊಳಗೆ ಇರುವ ಅರ್ಥವನ್ನು ತಿಳಿಯದ ತನಿಖೆಯು ಅವುಗಳನ್ನು ಅಪರಾಧದ ಕುರುಹುಗಳೆಂದು ತಪ್ಪಾಗಿ ಓದುತ್ತದೆ.

ಮೂರನೆಯ ಅಂಶದಲ್ಲಿ ಜಾನಪದ ಅಧ್ಯಯನಕ್ಕೆ ನೇರ ಹೊಣೆಯಿದೆ. ಹಲಗಲಿಯ ಲಾವಣಿ ಉಳಿಯದಿದ್ದರೆ ಆಯುಧ ಕಳೆದುಕೊಳ್ಳುವುದೆಂದರೆ ಬೇಡರಿಗೆ ಏನಾಗಿತ್ತೆಂಬುದು ಸರ್ಕಾರಿ ಕಾಗದಗಳಿಂದ ತಿಳಿಯುತ್ತಿರಲಿಲ್ಲ. ಮಲೆ ಮಾದೇಶ್ವರ ಬೆಟ್ಟದ ಸುತ್ತ, ಕುದುರೆಮುಖದ ಅಂಚಿನಲ್ಲಿ, ಜೋಯಿಡಾ ಹಳಿಯಾಳಗಳ ಗೌಳಿವಾಡಗಳಲ್ಲಿ ಇಂತಹ ನೆನಪುಗಳನ್ನು ಹೊತ್ತ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಮಾದೇಶ್ವರನ ಕಾವ್ಯವನ್ನು ಧ್ವನಿಮುದ್ರಿಸಿಕೊಂಡು ಬಂದ ವಿದ್ವತ್ತು, ಅದೇ ಹಾಡಿಗಳಿಂದ ಸೆರೆಮನೆಗೆ ಹೋಗಿ ಮರಳಿದವರ ಮಾತನ್ನೂ ಅಷ್ಟೇ ಶಿಸ್ತಿನಿಂದ, ಅವರ ಒಪ್ಪಿಗೆ ಪಡೆದು, ಅವರ ಹೆಸರಿಗೆ ಕುಂದು ಬಾರದಂತೆ ದಾಖಲಿಸಬೇಕಾಗಿದೆ. ತೀರ್ಪಿನ ಪ್ರತಿಯಲ್ಲಿ ಅವರು ‘ಖುಲಾಸೆಗೊಂಡ ಆರೋಪಿ’ಗಳು. ತಾವು ಅನ್ನವಿತ್ತದ್ದು ಏಕೆಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡದಿದ್ದರೆ ಮುಂದಿನ ತಲೆಮಾರಿಗೆ ಉಳಿಯುವುದು ಆ ಎರಡು ಪದಗಳು ಮಾತ್ರ.